ಪುಟಕ್ಕೆ ಎಷ್ಟು ಕೂಲಿ?

(ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಣ್ಣ ಕಾರ್ಖಾನೆಗಳ ಮಾಲೀಕರು, ಸಾಫ್ಟ್‌ವೇರ್ ಕಂಪನಿಗಳ ಮ್ಯಾನೇಜರುಗಳು ಕೂಡಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ನಮ್ಮ ಕಡೆಯ ಮಾತಿನಲ್ಲೇ ಹೇಳಿದ್ದನ್ನು ಓದಲು ಅನುಕೂಲವಾಗಲಿ ಎಂದು ತುಸು ತಿದ್ದಿದ್ದೇನೆ. ಎಲ್ಲವನ್ನೂ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಕರೆಯೋಲೆಯಲ್ಲಿ ‘ತಾಂತ್ರಿಕ ಬರಹಗಾರರ ಉತ್ಪಾದಕತೆ: ಮಾಪನ ಮತ್ತು ನಿರ್ವಹಣೆ’ ಅಂತ ದೊಡ್ಡ ಹೆಸರು ಹಾಕಿದ್ದಾರೆ. ಅದನ್ನು ಓದಿದ ನನ್ನ ಹೆಂಡತಿ ‘ಅಂದ್ರ ಏನ್ರೀ ಇದು?’ ಅಂದಳು. ‘ಬರಿಯೋ ಮಂದಿ ದಿನಕ್ಕ ಎಷ್ಟು ಬರಿತಾರ ಅಂತ ಎಣಿಸೂದು’ ಅಂದೆ. ‘ಹಂಗಂದ್ರ ಮಾವಾರ ಛಾಪಖಾನಿ ಲೆಕ್ಕ’ ಅಂದಳು. ನನ್ನ ಅರ್ಧ ಉಪನ್ಯಾಸ ಅಲ್ಲಿಗೇ ಮುಗಿಯಿತು. ಆದ್ದರಿಂದ ಛಾಪಖಾನೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಅಪ್ಪ ಗದಗಿನಲ್ಲಿ ಕಂಪೋಸಿಟರ್ ಆಗಿದ್ದರು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದ್ದ ಕಾಲ. ಸೀಸದ ಅಕ್ಷರದ ಮೊಳೆಗಳನ್ನು ಕೇಸಿನಿಂದ, ಅಂದರೆ ಮನೆ ಮನೆ ಮಾಡಿದ ಪೆಟ್ಟಿಗೆಯಿಂದ, ಒಂದೊಂದಾಗಿ ಎತ್ತಿ, ಕೈಯಲ್ಲಿ ಹಿಡಿದ ಸ್ಟಿಕ್ಕಿನಲ್ಲಿ ಉಲ್ಟಾ ಜೋಡಿಸಿ, ನಾಲ್ಕಾರು ಸಾಲು ಆದ ಮೇಲೆ ಗ್ಯಾಲಿ ಅನ್ನುವ ತಟ್ಟೆಗೆ ಇಳಿಸುವ ಕೆಲಸ. ಕನ್ನಡದ ಕೇಸೆಂದರೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮನೆ. ಅಪ್ಪನ ಕೈ ಆ ಮನೆಗಳನ್ನು ನೋಡದೆಯೇ ಹುಡುಕುತ್ತಿತ್ತು. ಕೂಲಿ ಮಾತ್ರ ಪುಟದ ಲೆಕ್ಕದಲ್ಲಿ. ಸಂಜೆ ಎಷ್ಟು ಪುಟ ಎದ್ದಿತೋ ಅಷ್ಟು ರೊಕ್ಕ.

ಆದರೆ ಎಲ್ಲಾ ಪುಟ ಒಂದೇ ಅಲ್ಲ ಅನ್ನುವುದು ಓದು ಬರಹ ಕಡಿಮೆ ಇದ್ದ ಆ ಮಾಲೀಕರಿಗೂ ಗೊತ್ತಿತ್ತು. ಪದ್ಯದ ಪುಸ್ತಕ ಬಂದರೆ ಕಂಪೋಸಿಟರುಗಳಿಗೆ ಹಬ್ಬ. ಅರ್ಧ ಸಾಲು ಖಾಲಿ, ಕ್ವಾಡ್ ಅನ್ನುವ ಅಕ್ಷರವಿಲ್ಲದ ತುಂಡು ತುಂಬಿದರೆ ಮುಗಿಯಿತು. ಪಂಚಾಂಗ ಬಂದರೆ ಎಲ್ಲರೂ ಮುಖ ಆ ಕಡೆ ತಿರುಗಿಸುವವರೇ. ತಿಥಿ, ನಕ್ಷತ್ರ, ಘಳಿಗೆ, ಸಣ್ಣ ಅಂಕಿ, ನಡುವೆ ರೂಲು. ಒಂದು ಮೊಳೆ ಜರುಗಿದರೆ ಇಡೀ ಕಾಲಂ ಓರೆ. ಹಾಗಾಗಿ ಪಂಚಾಂಗದ ಒಂದು ಪುಟಕ್ಕೆ ಎರಡು ಪುಟದ ಕೂಲಿ. ಇದು ಯಾವ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲೂ ಕಲಿತದ್ದಲ್ಲ. ಹಾಗೆ ಕೊಡದಿದ್ದರೆ ಪಂಚಾಂಗ ಯುಗಾದಿಗೆ ಹೊರಬೀಳುತ್ತಿರಲಿಲ್ಲ, ಅಷ್ಟೇ.

ಅವರ ಲೆಕ್ಕದಲ್ಲಿ ಒಂದು ತೂತೂ ಇತ್ತು. ಅಚ್ಚಾದ ಮೇಲೆ ಆ ಮೊಳೆಗಳನ್ನು ಬಿಚ್ಚಿ, ಎಣ್ಣೆ ಒರೆಸಿ, ಮತ್ತೆ ಆಯಾ ಮನೆಗೆ ಹಾಕಬೇಕಲ್ಲ? ಅದಕ್ಕೆ ಕೂಲಿ ಇರಲಿಲ್ಲ. ‘ಕಟ್ಟೂದಕ್ಕ ರೊಕ್ಕ, ಬಿಚ್ಚೂದು ಪುಕ್ಕಟೆ’ ಅಂತ ಅಪ್ಪ ಅನ್ನುತ್ತಿದ್ದರು. ಪುಕ್ಕಟೆ ಆದದ್ದರಿಂದ ಎಲ್ಲರೂ ಅವಸರದಲ್ಲಿ ಬಿಚ್ಚುವವರು. ‘ತ’ದ ಮನೆಯಲ್ಲಿ ‘ಠ’ ಬೀಳುತ್ತಿತ್ತು. ಮರುದಿನ ಇನ್ನೊಬ್ಬ ಕಂಪೋಸಿಟರ್ ನೋಡದೆ ಎತ್ತಿದರೆ ಪ್ರೂಫಿನಲ್ಲಿ ತಪ್ಪು. ಬೈಗುಳ ಅವನಿಗೆ. ಈ ಬಿಚ್ಚುವ ಕೂಲಿಯ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಟೆಕ್ನಿಕಲ್ ರೈಟರ್ ಅಂದರೆ ಯಾರು ಅಂತ ಇಲ್ಲಿ ಕೆಲವರಿಗಾದರೂ ಹೇಳಬೇಕು. ಮಿಕ್ಸರಿನ ಡಬ್ಬಿಯೊಳಗೆ ಬರುವ ಪುಸ್ತಕ, ಬ್ಯಾಂಕಿನ ಆ್ಯಪಿನಲ್ಲಿ ‘ಸಹಾಯ’ ಒತ್ತಿದರೆ ತೆರೆಯುವ ಪುಟ, ವಿಮಾನದ ಎಂಜಿನ್ ಬಿಚ್ಚುವವರ ಎದುರಿಗಿರುವ ಕೈಪಿಡಿ, ಒಬ್ಬ ಪ್ರೋಗ್ರಾಮರ್ ಮಾಡಿದ ಎಪಿಐಯನ್ನು (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಇನ್ನೊಬ್ಬ ಬಳಸಲು ಓದುವ ದಾಖಲೆ, ಇವನ್ನೆಲ್ಲ ಬರೆಯುವವರು. ನಮ್ಮದು ಗೋಕುಲ ರಸ್ತೆಯಲ್ಲಿ ಎರಡು ಕೋಣೆಯ ಆಫೀಸು, ಏಳು ಮಂದಿ. ಸುತ್ತಲಿನ ಕಾರ್ಖಾನೆಗಳ ಮಷೀನುಗಳಿಗೂ ಕೈಪಿಡಿ ಬರೆಯುತ್ತೇವೆ, ಹೊರಗಿನ ಸಾಫ್ಟ್‌ವೇರ್ ಕಂಪನಿಗಳಿಗೂ ಬರೆಯುತ್ತೇವೆ.

ಶುರುವಿನ ವರ್ಷ ಒಬ್ಬ ದೊಡ್ಡ ಗಿರಾಕಿ ತಿಂಗಳಿಗೊಮ್ಮೆ ವರದಿ ಕೇಳಿದರು: ಯಾರು ಎಷ್ಟು ಪುಟ ಬರೆದರು? ಕೇಳಿದವರು ರೊಕ್ಕ ಕೊಡುವವರು. ನಾನು ಎಕ್ಸೆಲ್ ತೆಗೆದೆ. ಏಳು ಹೆಸರು, ಇಪ್ಪತ್ತೆರಡು ದಿನ, ದಿನಕ್ಕೊಂದು ಅಂಕಿ, ಕೊನೆಗೆ ಒಟ್ಟು. ಅಂಕಿಗಳಿಗೆ ಬಣ್ಣ ಬೇರೆ ಹಚ್ಚಿದೆ, ಹಸಿರು, ಹಳದಿ, ಕೆಂಪು. ನನ್ನ ಅಪ್ಪನ ಮಾಲೀಕರು ಮಾಡದ ದಡ್ಡತನವನ್ನು ನಾನು ಕಂಪ್ಯೂಟರ್ ಇಟ್ಟುಕೊಂಡು ಮಾಡಿದೆ. ಪದ್ಯಕ್ಕೂ ಪಂಚಾಂಗಕ್ಕೂ ಒಂದೇ ಕೂಲಿ ಕಟ್ಟಿದೆ.

ಮೂರೇ ತಿಂಗಳಲ್ಲಿ ಅಂಕಿಗಳು ಏರತೊಡಗಿದವು. ನನಗೂ ಖುಷಿ, ಗಿರಾಕಿಗೂ ಖುಷಿ. ಧಾರವಾಡದಿಂದ ದಿನಾ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಎಲ್ಲರಿಗಿಂತ ಮೇಲೆ. ಒಂದು ದಿನ ಅವನ ಕೈಪಿಡಿ ತೆಗೆದು ನಿಜವಾಗಿ ಓದಿದೆ. ಸುರಕ್ಷತೆಯ ಎಚ್ಚರಿಕೆ ಪ್ರತಿ ಅಧ್ಯಾಯದ ತಲೆಯಲ್ಲೂ ಅದೇ ಅದೇ, ಎರಡು ಪುಟ. ಸ್ಕ್ರೀನಿನ ಚಿತ್ರಗಳು ಒಂದೊಂದು ಅರ್ಧ ಪುಟ. ‘ಸೇವ್ ಬಟನ್ ಒತ್ತಿದರೆ ಸೇವ್ ಆಗುತ್ತದೆ’ ಅನ್ನುವಂಥ ಸಾಲುಗಳು. ಅವನನ್ನು ಕರೆದು ಕೇಳಿದೆ. ಹುಡುಗ ಮುಚ್ಚಿಡಲಿಲ್ಲ: ‘ಸರ, ನೀವು ಪುಟ ಕೇಳಿದ್ರಿ, ನಾನು ಪುಟ ಕೊಟ್ಟೆ.’ ತಪ್ಪು ಯಾರದು? ಇವತ್ತಿಗೂ ಅವನು ನಮ್ಮಲ್ಲೇ ಇದ್ದಾನೆ, ನಮ್ಮ ಅತ್ಯಂತ ಚೊಕ್ಕ ಬರಹಗಾರರಲ್ಲಿ ಒಬ್ಬ. ಅವತ್ತು ಅವನು ಹಾಗೆ ಬರೆದದ್ದು ನನ್ನ ಎಕ್ಸೆಲ್ಲಿಗಾಗಿ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ವಿಷಯದಲ್ಲಿ ಇಂಥದ್ದೇ ಒಂದು ಮಾತು ಹೇಳಿದ್ದರು. ಯಾವುದನ್ನು ಅಳೆದು ಅದರ ಮೇಲೆಯೇ ಹಿಡಿತ ಸಾಧಿಸಲು ಹೊರಡುತ್ತೀರೋ ಆ ಅಳತೆ ಕೈಕೊಡುತ್ತದೆ ಅಂತ. ಇವತ್ತು ಅದು ಗುಡ್‌ಹಾರ್ಟ್ ನಿಯಮ ಅಂತ ಎಲ್ಲ ಕಡೆ ಓಡಾಡುತ್ತದೆ. ನನಗೆ ಅದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಎಕ್ಸೆಲ್ ಮಾಡುತ್ತಿದ್ದೆನೋ ಏನೋ.

ಕೆಂಪು ಬಣ್ಣದಲ್ಲಿ ಇದ್ದವರ ಕಥೆ ಈಗ. ಅವರು ರಾಣೇಬೆನ್ನೂರಿನವರು, ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಶಾಲೆ ಬಿಟ್ಟರೂ ಅಕ್ಕೋರು ಅನ್ನುವ ಹೆಸರು ಅವರನ್ನು ಬಿಡಲಿಲ್ಲ, ನಾವೂ ಹಾಗೇ ಕರೆಯುತ್ತೇವೆ. ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯ ಕೈಪಿಡಿ ಅವರ ಪಾಲಿಗೆ ಬಂದಿತ್ತು. ಹಳೆಯದರಲ್ಲಿ ದುರಸ್ತಿಯ ಅಧ್ಯಾಯ ಹನ್ನೊಂದು ಪುಟ. ಅಕ್ಕೋರು ಒಂಬತ್ತು ದಿನ ತೆಗೆದುಕೊಂಡು ನಾಲ್ಕು ಪುಟ ಕೊಟ್ಟರು. ನನ್ನ ಎಕ್ಸೆಲ್ಲಿನಲ್ಲಿ ಇದು ಹೇಗೆ ಕಾಣುತ್ತದೆ ಹೇಳಿ? ದಿನಕ್ಕೆ ಅರ್ಧ ಪುಟವೂ ಇಲ್ಲ. ಕಡುಕೆಂಪು.

ಆ ಒಂಬತ್ತು ದಿನ ಏನು ಮಾಡಿದರು ಅಂತ ಕೇಳಲು ಹೋದೆ. ಕೇಳುವಾಗ ಧ್ವನಿ ಸ್ವಲ್ಪ ಗಡುಸೇ ಇತ್ತು, ಒಪ್ಪಿಕೊಳ್ಳುತ್ತೇನೆ. ಅವರು ನನ್ನನ್ನೇ ಕಾರ್ಖಾನೆಗೆ ಕರೆದುಕೊಂಡು ಹೋದರು.

ವಾಲ್ವಿನ ನಡುವೆ ಒಂದು ಸ್ಪಿಂಡಲ್ ಇರುತ್ತದೆ, ವ್ಹೀಲ್ ತಿರುಗಿಸಿದರೆ ಮೇಲೆ ಕೆಳಗೆ ಆಡುವುದು. ಅದರ ಸುತ್ತ ಒಳಗಿನ ನೀರು ಅಥವಾ ಉಗಿ ಸೋರಬಾರದು ಅಂತ ಹಗ್ಗದಂಥ ಗ್ರಾಫೈಟ್ ಪ್ಯಾಕಿಂಗ್ ತುಂಬಿರುತ್ತಾರೆ. ಅದನ್ನು ಮೇಲಿನಿಂದ ಅದುಮಿ ಹಿಡಿಯುವುದು ಗ್ಲ್ಯಾಂಡ್, ಗ್ಲ್ಯಾಂಡನ್ನು ಬಿಗಿಯುವುದು ಎಡಬಲ ಎರಡು ನಟ್ಟು. ಸೋರತೊಡಗಿದರೆ ನಟ್ಟು ಬಿಗಿಯಬೇಕು. ಹಳೆಯ ಕೈಪಿಡಿಯಲ್ಲಿದ್ದ ಸಾಲು: ‘ಗ್ಲ್ಯಾಂಡ್ ನಟ್ಟುಗಳನ್ನು ಸಮವಾಗಿ ಬಿಗಿಗೊಳಿಸಿ.’ ವ್ಯಾಕರಣ ಸರಿ, ಎಂಜಿನಿಯರಿಂಗ್ ಸರಿ. ಅಕ್ಕೋರು ಆ ಹಾಳೆಯನ್ನು ಒಬ್ಬ ಫಿಟ್ಟರನ ಕೈಗೆ ಕೊಟ್ಟು ಸುಮ್ಮನೆ ನಿಂತರು. ಅವನು ಸ್ಪ್ಯಾನರ್ ಹಾಕಿ ಎಡ ನಟ್ಟನ್ನು ಪೂರ್ತಿ ಬಿಗಿದ. ಆಮೇಲೆ ಬಲ ನಟ್ಟನ್ನು ಪೂರ್ತಿ ಬಿಗಿದ. ‘ಸಮಾನೇ ಬಿಗದೇನ್ರಿ ಅಕ್ಕೋರ. ಇದೂ ಫುಲ್ ಟೈಟ್, ಅದೂ ಫುಲ್ ಟೈಟ್.’

ಹಾಗೆ ಬಿಗಿದರೆ ಗ್ಲ್ಯಾಂಡ್ ಓರೆ ಕೂರುತ್ತದೆ, ಒಂದು ಕಡೆ ಸ್ಪಿಂಡಲ್ಲಿಗೆ ಉಜ್ಜುತ್ತದೆ, ಪ್ಯಾಕಿಂಗ್ ಇನ್ನೊಂದು ಕಡೆ ಸಡಿಲ ಉಳಿಯುತ್ತದೆ. ಸೋರುವುದು ನಿಲ್ಲುವುದಿಲ್ಲ, ವ್ಹೀಲ್ ತಿರುಗುವುದು ಮಾತ್ರ ನಿಲ್ಲುತ್ತದೆ. ಅಕ್ಕೋರು ಬರೆದದ್ದು ಹೀಗೆ: ‘ಎಡ ನಟ್ಟನ್ನು ಕಾಲು ಸುತ್ತು ತಿರುಗಿಸಿ. ಬಲ ನಟ್ಟನ್ನು ಕಾಲು ಸುತ್ತು ತಿರುಗಿಸಿ. ಸೋರುತ್ತಿದೆಯೇ ನೋಡಿ. ಸೋರುತ್ತಿದ್ದರೆ ಮತ್ತೆ ಎಡ ನಟ್ಟಿನಿಂದ ಶುರು ಮಾಡಿ. ವ್ಹೀಲ್ ಕೈಗೆ ಬಿಗಿ ಅನ್ನಿಸಿದರೆ ನಿಲ್ಲಿಸಿ.’ ಪಕ್ಕದಲ್ಲಿ ಒಂದು ಚಿತ್ರ, ಚಿತ್ರದಲ್ಲಿ ನಟ್ಟುಗಳ ಮೇಲೆ 1 ಮತ್ತು 2. ಈ ಐದು ಸಾಲು ಹುಟ್ಟಲು ಮೂವರು ಫಿಟ್ಟರುಗಳು ಬೇಕಾದರು. ಮೊದಲ ಕರಡಿನಲ್ಲಿ ‘ಸ್ವಲ್ಪ ತಿರುಗಿಸಿ’ ಅಂತ ಇತ್ತಂತೆ. ಒಬ್ಬೊಬ್ಬನ ‘ಸ್ವಲ್ಪ’ ಒಂದೊಂದು ಥರ.

ಕೆಲವು ತಿಂಗಳ ಮೇಲೆ ಆ ಕಾರ್ಖಾನೆಯ ಸರ್ವಿಸ್ ವಿಭಾಗದವರು ಬೇರೆ ಕೆಲಸಕ್ಕೆ ಫೋನ್ ಮಾಡಿದಾಗ, ‘ಸರ, ಆ ಗ್ಲ್ಯಾಂಡಿಂದು ಫೋನ್ ಬರೂದು ಭಾಳ ಕಮ್ಮಿ ಆಗೇತ್ರಿ’ ಅಂದರು. ಒಂದು ಫೋನ್ ಅಂದರೆ ಎಷ್ಟೋ ಸಲ ಒಬ್ಬ ಮನುಷ್ಯ ರೈಲು ಹತ್ತಿ ಸೈಟಿಗೆ ಹೋಗಬೇಕು. ಹೀಗೆ ಉಳಿತಾಯವಾದ ರೈಲು ಪ್ರಯಾಣಗಳು ನನ್ನ ಎಕ್ಸೆಲ್ಲಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ವಿಮಾನ ಉದ್ಯಮದವರು ಇದನ್ನು ನಮಗಿಂತ ಮೊದಲೇ ಅರಿತವರು. ಅಲ್ಲಿ ಕೈಪಿಡಿಗಳಿಗೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತ ಒಂದು ಕಟ್ಟುನಿಟ್ಟಿನ ಭಾಷೆಯೇ ಇದೆ. ಕೆಲಸದ ಹೆಜ್ಜೆ ಹೇಳುವ ವಾಕ್ಯದಲ್ಲಿ 20 ಪದ ಮೀರುವಂತಿಲ್ಲ, ಒಂದು ವಾಕ್ಯಕ್ಕೆ ಒಂದೇ ಹೆಜ್ಜೆ, ಒಂದು ಪದಕ್ಕೆ ಒಂದೇ ಅರ್ಥ. ಅಂದರೆ ಕಡಿಮೆ ಬರೆಯುವುದು ಅಲ್ಲಿ ನಿಯಮವೇ. ಐಬಿಎಮ್‌ನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ 1980ರ ದಶಕದಲ್ಲಿ ವರ್ಡ್ ಪ್ರೊಸೆಸರ್ ಕಲಿಯುವವರನ್ನು ಎದುರು ಕೂತು ಗಮನಿಸಿದರು. ಯಾರೂ ಕೈಪಿಡಿಯನ್ನು ಮೊದಲಿನಿಂದ ಕೊನೆತನಕ ಓದುವುದಿಲ್ಲ; ನೇರ ಮಷೀನಿಗೆ ಕೈ ಹಾಕುತ್ತಾರೆ, ಸಿಕ್ಕಿಬಿದ್ದಾಗ ಪುಸ್ತಕ ಹುಡುಕುತ್ತಾರೆ. ಅವರು ಕೈಪಿಡಿಯನ್ನು ಭಾರಿ ಕತ್ತರಿಸಿ ಸಣ್ಣದು ಮಾಡಿ ಕೊಟ್ಟಾಗ ಜನ ಬೇಗ ಕಲಿತರು. ಪುಟ ಎಣಿಸುವ ಮ್ಯಾನೇಜರನ ಕೈಗೆ ಕ್ಯಾರಲ್ ಸಿಕ್ಕಿದ್ದರೆ ಅವರಿಗೂ ಕೆಂಪು ಬಣ್ಣವೇ ಗತಿ.

ಹಾಗಾದರೆ ಎಣಿಸುವುದೇ ತಪ್ಪೇ? ಹಾಗೇನೂ ನಾನು ಹೇಳುವುದಿಲ್ಲ. ನಮ್ಮ ಬೆಂಗೇರಿಯನ್ನೇ ನೋಡಿ. ಅಲ್ಲಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜಕ್ಕೆ ಭಾರತೀಯ ಮಾನಕ ಬ್ಯೂರೋದ ನಿರ್ದಿಷ್ಟತೆ ಇದೆ, ಅದರ ಸಂಖ್ಯೆ ಐಎಸ್ 1, ಸಾಲಿನಲ್ಲಿ ಮೊಟ್ಟಮೊದಲನೆಯದು. ಒಂಬತ್ತು ಅಳತೆ, ದೊಡ್ಡದು 6300 ಮಿಲಿಮೀಟರಿಗೆ 4200, ಸಣ್ಣದು 150ಕ್ಕೆ 100. ಯಾವ ಅಳತೆ ಆದರೂ ಉದ್ದ ಅಗಲ ಮೂರಕ್ಕೆ ಎರಡು, ಚಕ್ರಕ್ಕೆ 24 ಗೆರೆ, ಎರಡೂ ಮಗ್ಗುಲಿನಿಂದ ಸರಿ ಕಾಣಬೇಕು. ಅಲ್ಲಿ ಎಣಿಸಬಹುದು. ಇವತ್ತಿನ ಧ್ವಜವೂ ನಾಳಿನ ಧ್ವಜವೂ ಒಂದೇ, ಹೇಗಿರಬೇಕು ಅಂತ ಹೊಲಿಯುವ ಮೊದಲೇ ಎಲ್ಲರಿಗೂ ಗೊತ್ತು. ನಮ್ಮ ಕೆಲಸದಲ್ಲಿ ಕೈಪಿಡಿ ಅರ್ಧ ಆಗುವ ಹೊತ್ತಿಗೆ ಮಷೀನೇ ಬದಲಾಗಿರುತ್ತದೆ. ಚಕ್ರಕ್ಕೆ ಎಷ್ಟು ಗೆರೆ ಅಂತ ಎಂಜಿನಿಯರ್ ಇನ್ನೂ ತೀರ್ಮಾನ ಮಾಡಿರುವುದಿಲ್ಲ.

ಎಕ್ಸೆಲ್ ಮುಚ್ಚಿದ ಮೇಲೆ ನಾನು ಒಂದು ವಹಿ ಮಾಡಿದೆ. ನಮ್ಮ ಆಫೀಸಿನಲ್ಲಿ ಅದಕ್ಕೆ ‘ಕಾಯುವ ವಹಿ’ ಅಂತಲೇ ಹೆಸರು. ಇವತ್ತು ಹೇಳಬೇಕು ಅಂತ ಬಂದಿರುವ ಮುಖ್ಯ ವಿಷಯ ಇದೊಂದೇ.

ಅದರ ರೀತಿ ಸರಳ. ಪ್ರತಿಯೊಬ್ಬರೂ ಸಂಜೆ ಹೋಗುವ ಮೊದಲು ಎರಡು ನಿಮಿಷ ಕೂತು, ಇವತ್ತು ಏನು ಬರೆದೆ ಅಂತ ಬರೆಯುವುದಿಲ್ಲ. ಯಾವುದಕ್ಕಾಗಿ ಕಾದೆ ಅಂತ ಬರೆಯುತ್ತಾರೆ. ‘ಡ್ರಾಯಿಂಗ್ ಕೇಳಿ ಮೂರನೇ ದಿನ.’ ‘ಟೆಸ್ಟ್ ಸರ್ವರಿನ ಪಾಸ್‌ವರ್ಡ್ ಬಂದಿಲ್ಲ.’ ‘ಬರೆದು ಮುಗಿಸಿದ್ದ ಸ್ಕ್ರೀನ್ ಬದಲಾಯಿತು, ಮತ್ತೆ ಮೊದಲಿನಿಂದ.’ ‘ಕರಡು ಕಳಿಸಿ ವಾರ ಆಯಿತು, ನಾಳೆ ನೋಡ್ತೀನಿ ಅಂತಾರ.’ ಮೊದಲ ತಿಂಗಳು ವಹಿ ಓದಿದಾಗ ನನಗೆ ನಾಚಿಕೆಯಾಯಿತು. ಒಂದು ಕೈಪಿಡಿಯ ಹಿಂದೆ ಬಿದ್ದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾದದ್ದು ಮತ್ತು ಮರಳಿ ಮಾಡಿದ್ದು. ನಿಧಾನ ಅಂತ ನಾನು ಯಾರಿಗೆ ಕೆಂಪು ಹಚ್ಚಿದ್ದೆನೋ ಅವರಿಗೆ ಸಿಕ್ಕ ಎಂಜಿನಿಯರುಗಳೇ ನಿಧಾನ. ಅವರಲ್ಲೂ ಸೋಮಾರಿಗಳಿರಲಿಲ್ಲ, ಕೈಪಿಡಿ ನೋಡುವ ಕೆಲಸ ಅವರ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ, ಅಷ್ಟೇ.

ಇದು ನಾನು ಕಂಡುಹಿಡಿದದ್ದು ಅಂತ ಕೊಚ್ಚಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಜೋಆನ್ ಹ್ಯಾಕೋಸ್ ಅವರು 1990ರ ದಶಕದಲ್ಲೇ ಕೈಪಿಡಿಯ ಕೆಲಸದ ಅಂದಾಜಿಗೆ ಒಂದು ಕ್ರಮ ಹಾಕಿಕೊಟ್ಟರು. ಪುಟಕ್ಕೆ ಇಂತಿಷ್ಟು ಗಂಟೆ ಅಂತ ಒಂದು ಮೂಲ ಲೆಕ್ಕ. ಆಮೇಲೆ ಉತ್ಪನ್ನ ಎಷ್ಟು ಸ್ಥಿರ, ಮಾಹಿತಿ ಎಷ್ಟು ಸಿಗುತ್ತದೆ, ವಿಷಯ ತಿಳಿದವರು ಕೈಗೆ ಸಿಗುತ್ತಾರೋ ಇಲ್ಲವೋ, ಪರಿಶೀಲನೆ ಹೊತ್ತಿಗೆ ಆಗುತ್ತದೋ, ಬರಹಗಾರರಿಗೆ ವಿಷಯ ಹೊಸದೋ ಹಳೆಯದೋ, ಇಂಥ ಅವಲಂಬನೆಗಳಿಗೆ ಅಂಕ ಕೊಟ್ಟು ಆ ಗಂಟೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು. ಪಂಚಾಂಗದ ಪುಟಕ್ಕೆ ಎರಡು ಪುಟದ ಕೂಲಿ ಅಂದದ್ದೂ ಇದೇ ಅಲ್ಲವೇ? ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಅರ್ಧಕ್ಕರ್ಧ ಅಂಶಗಳು ಬರಹಗಾರರ ಕೈಯಲ್ಲಿ ಇಲ್ಲವೇ ಇಲ್ಲ.

ವಹಿ ನನ್ನ ಕೆಲಸವನ್ನೂ ಬದಲಾಯಿಸಿತು. ಬರಹಗಾರರ ಬೆನ್ನು ಹತ್ತುವುದು ಬಿಟ್ಟು ಅವರು ಯಾರಿಗಾಗಿ ಕಾಯುತ್ತಿದ್ದಾರೋ ಅವರ ಬೆನ್ನು ಹತ್ತಿದೆ. ಮ್ಯಾನೇಜರ್ ಅಂದರೆ ದಾರಿಯಲ್ಲಿ ಬಿದ್ದ ಕಲ್ಲು ಎತ್ತಿಹಾಕುವ ಕೂಲಿಯವನು, ಇದು ನನ್ನ ಈಗಿನ ವ್ಯಾಖ್ಯೆ. ವಿಸಿಟಿಂಗ್ ಕಾರ್ಡಿನಲ್ಲಿ ಬರೆಸಿಲ್ಲ.

ಎಲ್ಲಕ್ಕಿಂತ ದೊಡ್ಡ ಕಲ್ಲು ರಿವ್ಯೂ. ಎಂಬತ್ತು ಪುಟದ ಪಿಡಿಎಫ್ ಕಳಿಸುತ್ತೀರಿ. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಸಂಜೆ ‘ಓಕೆ’ ಅಂತ ಮೇಲ್ ಬರುತ್ತದೆ. ಆ ‘ಓಕೆ’ಯನ್ನು ನಂಬಿ ಮುದ್ರಣಕ್ಕೆ ಹೋದವರು ಯಾರಾದರೂ ಇಲ್ಲಿದ್ದರೆ ಕೈ ಎತ್ತಿ. (ಆರೇಳು ಕೈ ಎದ್ದವು. ಒಂದು ನನ್ನದು.) ಒಬ್ಬ ಗಿರಾಕಿಯ ಕೆಲಸದಲ್ಲಿ, ಮೂರು ಜನ ‘ಓಕೆ’ ಅಂದಿದ್ದ ಕೈಪಿಡಿಯಲ್ಲಿ ಪಂಪು ತಿರುಗುವ ದಿಕ್ಕಿನ ಬಾಣವೇ ಉಲ್ಟಾ ಇತ್ತು. ಅಚ್ಚಾದ ಮೇಲೆ ಕಂಡಿತು. ಇಡೀ ರಾಶಿಗೆ ಸ್ಟಿಕರ್ ಹಚ್ಚುತ್ತ ನಾವೆಲ್ಲ ಒಂದು ಭಾನುವಾರ ಕೂತೆವು. ಆ ಭಾನುವಾರವನ್ನು ಯಾರ ಉತ್ಪಾದಕತೆಯ ಲೆಕ್ಕಕ್ಕೆ ಹಾಕಬೇಕು?

ಈಗ ನಾವು ಪಿಡಿಎಫ್ ಕಳಿಸಿ ಕಾಯುವುದಿಲ್ಲ. ಹತ್ತು ಪುಟ ಆದ ಕೂಡಲೇ ಪ್ರಿಂಟ್ ತೆಗೆದುಕೊಂಡು ಎಂಜಿನಿಯರ್ ಇದ್ದಲ್ಲಿಗೇ ಹೋಗುತ್ತೇವೆ. ಒಂದು ತಾಸು. ಜೊತೆಗೆ ಗಿರಮಿಟ್ ಮತ್ತು ಮಿರ್ಚಿ, ಖರ್ಚು ನಮ್ಮದು. ಬರಹಗಾರರು ದೊಡ್ಡದಾಗಿ ಓದುತ್ತಾರೆ, ಎಂಜಿನಿಯರ್ ಕೇಳುತ್ತಾರೆ. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆ. ‘ಅಯ್ಯ, ಇದು ಹಂಗಲ್ರೀ, ಮೊದಲ ಬ್ರೇಕರ್ ಆಫ್ ಮಾಡಬೇಕು’ ಅಂತ ನಡುವೆ ತಡೆಯುತ್ತಾರಲ್ಲ, ಆ ಒಂದು ತಡೆಗೆ ಗಿರಮಿಟ್ಟಿನ ರೊಕ್ಕ ವಸೂಲು. ಛಾಪಖಾನೆಯಲ್ಲೂ ಪ್ರೂಫ್ ಹೀಗೇ ನೋಡುತ್ತಿದ್ದರು, ಒಬ್ಬ ಮೂಲ ಓದುವುದು, ಇನ್ನೊಬ್ಬ ಅಚ್ಚು ನೋಡುವುದು. ನಾವು ಹೊಸದೇನೂ ಮಾಡಲಿಲ್ಲ.

ಮರುಬಳಕೆಯ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಡಿಟಾ ಅಂತ ಒಂದು ವಿಧಾನ ಇದೆ, ಐಬಿಎಮ್‌ನಲ್ಲಿ ಹುಟ್ಟಿದ್ದು, 2005ರಿಂದ ಓಯಾಸಿಸ್ ಸಂಸ್ಥೆಯ ಮುಕ್ತ ಮಾನಕ. ಕೈಪಿಡಿಯನ್ನು ಒಂದೇ ಪುಸ್ತಕವಾಗಿ ಬರೆಯದೆ ಸಣ್ಣ ಸಣ್ಣ ತುಣುಕುಗಳಾಗಿ ಬರೆದು, ಬೇಕಾದಲ್ಲಿ ಜೋಡಿಸುವುದು. ಮೊಳೆ ಜೋಡಿಸಿದ ಹಾಗೆ, ಆದರೆ ಇಲ್ಲಿ ಒಂದು ಮೊಳೆ ಏಕಕಾಲಕ್ಕೆ ಹತ್ತು ಪುಟದಲ್ಲಿ ಇರಬಲ್ಲದು. ಅರವತ್ತು ಪದದ ಒಂದು ಎಚ್ಚರಿಕೆ ಇದೆ ಅನ್ನಿ. ಹದಿನಾಲ್ಕು ಕೈಪಿಡಿ, ಐದು ಭಾಷೆ. ಬೇರೆ ಬೇರೆ ಬರೆದರೆ ಅನುವಾದಕ್ಕೆ ಹೋಗುವುದು 4200 ಪದ. ಒಂದೇ ಕಡೆ ಬರೆದು ಎಲ್ಲ ಕಡೆ ತೋರಿಸಿದರೆ 300. ಅನುವಾದಕ್ಕೆ ಪದದ ಲೆಕ್ಕದಲ್ಲಿ ರೊಕ್ಕ ಕೊಡುವವರಿಗೆ ಈ ಅಂತರ ಕೂಡಲೇ ತಿಳಿಯುತ್ತದೆ. ಆದರೆ ಇದನ್ನು ಮಾಡಿಕೊಟ್ಟ ಬರಹಗಾರ ಆ ತಿಂಗಳು ಎಷ್ಟು ಪುಟ ಬರೆದ? ಸೊನ್ನೆ.

ಈಗ ನಾವು ಏನನ್ನೂ ಎಣಿಸುವುದಿಲ್ಲ ಅಂತ ತಿಳಿಯಬೇಡಿ. ಕರಡು ಹೋಗಿ ಮರಳಿ ಬರಲು ಎಷ್ಟು ದಿನ ಅಂತ ಎಣಿಸುತ್ತೇವೆ. ಹೊರಬಿದ್ದ ಮೇಲೆ ಎಷ್ಟು ತಪ್ಪು ಸಿಕ್ಕವು, ಅವು ಯಾವ ಥರದವು ಅಂತ ಎಣಿಸುತ್ತೇವೆ; ಟಾರ್ಕಿನ ಅಂಕಿ, ಅಂದರೆ ನಟ್ಟನ್ನು ಎಷ್ಟು ಬಲದಿಂದ ಬಿಗಿಯಬೇಕು ಅನ್ನುವುದು, ತಪ್ಪಾದದ್ದಕ್ಕೂ ಅಲ್ಪವಿರಾಮ ತಪ್ಪಾದದ್ದಕ್ಕೂ ಒಂದೇ ಗೆರೆ ಎಳೆಯುವುದಿಲ್ಲ. ಗಿರಾಕಿ ಕೊಡಲು ಒಪ್ಪಿದರೆ ಅವರ ಸರ್ವಿಸ್ ಫೋನುಗಳ ಪಟ್ಟಿ ತರಿಸಿಕೊಂಡು, ಕೈಪಿಡಿಯಲ್ಲಿ ಉತ್ತರ ಇದ್ದೂ ಬಂದ ಫೋನು ಯಾವುದು, ಉತ್ತರವೇ ಇಲ್ಲದ್ದಕ್ಕೆ ಬಂದದ್ದು ಯಾವುದು ಅಂತ ಬೇರೆ ಮಾಡುತ್ತೇವೆ. ಉತ್ತರ ಇದ್ದೂ ಫೋನು ಬಂದರೆ ಉತ್ತರ ಸಿಗುತ್ತಿಲ್ಲ ಅಂತ ಅರ್ಥ, ಆಗ ಪರಿವಿಡಿ, ತಲೆಬರಹ ನೋಡಬೇಕು. ಈ ಅಂಕಿಗಳೆಲ್ಲ ಕೈಪಿಡಿಯ ಹೆಸರಿನಲ್ಲಿರುತ್ತವೆ. ಬರೆದವರ ಹೆಸರಿನ ಕಾಲಂ ತೆಗೆದುಹಾಕಿದ್ದೇನೆ. ಆ ಕಾಲಂ ಇದ್ದಾಗ ಯಾರೂ ತಮ್ಮ ತಪ್ಪನ್ನು ತಾವಾಗಿ ತಂದು ತೋರಿಸುತ್ತಿರಲಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆಗೆ ಬಿಟ್ಟೆ.

ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ. ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಸರ್, ಈಗ ಎಐ ಒಂದು ನಿಮಿಷಕ್ಕೆ ಇಪ್ಪತ್ತು ಪುಟ ಬರೆದು ಕೊಡ್ತೈತಿ. ಹಂಗಾದ್ರ ಬರಹಗಾರರು ಯಾಕ ಬೇಕು?’ ಅಂದಳು. ನಾನೂ ಬಳಸುತ್ತೇನೆ, ಬಳಸುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಕರಡು ಬೇಗ ಬರುತ್ತದೆ. ಆದರೆ ಆ ವಾಲ್ವಿನ ಅಧ್ಯಾಯವನ್ನೇ ಅದಕ್ಕೆ ಕೊಟ್ಟು ನೋಡಿದ್ದೆ. ತುಂಬಾ ಅಚ್ಚುಕಟ್ಟಾಗಿ ಬರೆಯಿತು: ‘ನಟ್ಟುಗಳನ್ನು ಸಮವಾಗಿ ಬಿಗಿಗೊಳಿಸಿ.’ ಜೊತೆಗೆ ಯಾರೂ ಕೊಡದ ಒಂದು ಟಾರ್ಕಿನ ಅಂಕಿಯನ್ನೂ ತಾನೇ ಸೇರಿಸಿತು, ಅದೂ ಪೂರ್ತಿ ಭರವಸೆಯಿಂದ. ಅದಕ್ಕೆ ಫಿಟ್ಟರನ ಎದುರು ಸುಮ್ಮನೆ ನಿಲ್ಲಲು ಬರುವುದಿಲ್ಲ. ನಮ್ಮಲ್ಲಿ ಬರೆಯುವ ಹೊತ್ತು ಕಡಿಮೆಯಾಗಿದೆ, ಪರೀಕ್ಷಿಸುವ ಹೊತ್ತು ಹೆಚ್ಚಾಗಿದೆ. ಪುಟ ಎಣಿಸುವವರ ಪಾಡು ಮಾತ್ರ ನಗೆಪಾಟಲು.

ಎರಡನೆಯವರು ಒಂದು ಕಂಪನಿಯ ಮ್ಯಾನೇಜರ್. ‘ಅಂಕಿ ಇಲ್ಲದೆ ಸಂಬಳ ಹೆಚ್ಚಿಸೂದು ಹೆಂಗ್ರೀ? ಮ್ಯಾಲಿನವರು ಕೇಳ್ತಾರಲ್ಲ?’ ನ್ಯಾಯವಾದ ಪ್ರಶ್ನೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಮೂರು ಕೆಲಸ ತೆಗೆದುಕೊಂಡು ಅವರ ಜೊತೆ ಕೂತು ಓದುತ್ತೇನೆ. ಒಂದು ಅವರು ಆರಿಸಿದ್ದು, ಒಂದು ನಾನು ಆರಿಸಿದ್ದು, ಒಂದು ಅವರ ಸಹೋದ್ಯೋಗಿ ಆರಿಸಿದ್ದು. ಕಾಯುವ ವಹಿಯೂ ಪಕ್ಕದಲ್ಲಿರುತ್ತದೆ. ಆಮೇಲೆ ನಾನು ಒಂದು ತೀರ್ಮಾನಕ್ಕೆ ಬರುತ್ತೇನೆ, ಅದು ನನ್ನ ತೀರ್ಮಾನ, ತಪ್ಪಾಗಬಹುದು. ಆಗಿದೆ ಕೂಡ. ಒಬ್ಬರು ಜಗಳ ಆಡಿ ಬಿಟ್ಟು ಹೋದರು. ಅವರು ಹೇಳಿದ್ದರಲ್ಲಿ ಸತ್ಯ ಇತ್ತು ಅಂತ ನನಗೆ ತಿಳಿದದ್ದು ಅವರ ಹಳೆಯ ಕೈಪಿಡಿಯನ್ನು ಇನ್ನೊಬ್ಬರು ತಿದ್ದಲು ಕೂತಾಗ, ತಿದ್ದಲು ಏನೂ ಸಿಗದಾಗ. ಅಂಕಿಯ ಹಿಂದೆ ಅಡಗಿಕೊಂಡರೆ ಇಂಥ ಜಗಳ ತಪ್ಪುತ್ತದೆ, ಒಪ್ಪುತ್ತೇನೆ. ಕೇಳಿದವರಿಗೆ ಉತ್ತರ ಪೂರ್ತಿ ಹಿಡಿಸಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಯಿತು.

ಕೊನೆಗೆ ಹಿಂದಿನ ಸಾಲಿನಿಂದ ಧೋತರ, ಬಿಳಿ ಟೋಪಿಯ ಒಬ್ಬ ಹಿರಿಯರು ಎದ್ದರು. ಮೊಮ್ಮಗನ ಜೊತೆ ಬಂದವರಂತೆ. ಬೆಟಗೇರಿಯ ಛಾಪಖಾನೆಯೊಂದರಲ್ಲಿ ಕೆಲಸ ಮಾಡಿದವರು. ‘ನಿಮ್ಮ ಅಪ್ಪಾರ ಮಾತು ಖರೇ ಐತಿ ತಮ್ಮಾ. ಆದ್ರ ನೀ ಮತ್ತ ಬರ್ತೀನಿ ಅಂದಾವ ಬರಲೇ ಇಲ್ಲ. ನಿಮ್ಮ ಆಫೀಸಿನ್ಯಾಗ ಬಿಚ್ಚೂ ಕೂಲಿ ಕೊಡ್ತೀರೇನು?’

ಸಭೆ ನಕ್ಕಿತು. ನನಗೆ ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಲ್ಲಿ ಬಿಚ್ಚುವ ಕೆಲಸ ಅಂದರೆ ಹಳೆಯ ಕೈಪಿಡಿಗಳನ್ನು ತೆಗೆದು ನೋಡುವುದು, ಸತ್ತ ತುಣುಕುಗಳನ್ನು ಕಿತ್ತುಹಾಕುವುದು, ಬದಲಾದ ಸ್ಕ್ರೀನ್ ತೆಗೆದು ಹೊಸದು ಇಡುವುದು, ‘ತ’ದ ಮನೆಯಲ್ಲಿ ಬಿದ್ದ ‘ಠ’ವನ್ನು ಅದರ ಮನೆಗೆ ಕಳಿಸುವುದು. ಯಾವ ಗಿರಾಕಿಯೂ ಅದಕ್ಕೆ ಬಿಲ್ ಹಾಕಲು ಬಿಡುವುದಿಲ್ಲ. ‘ಹೊಸದೇನು ಕೊಟ್ಟಿರಿ?’ ಅಂತಾರೆ. ಹೋದ ವರ್ಷದಿಂದ ಶುಕ್ರವಾರ ಮಧ್ಯಾಹ್ನದ ಮೇಲೆ ಏಳೂ ಮಂದಿ ಬರೀ ಇದನ್ನೇ ಮಾಡುತ್ತೇವೆ, ಅದರ ಸಂಬಳ ನಮ್ಮ ಗಲ್ಲೆಯಿಂದ ಹೋಗುತ್ತದೆ.

‘ಅರ್ಧ ದಿನದ್ದು ಕೊಡ್ತೀವ್ರಿ’ ಅಂದೆ.

‘ಅರ್ಧಾ ದಿನಕ್ಕ ಆಗೂದಿಲ್ಲಪಾ ಅದು’ ಅಂದು ಅವರು ಕೂತರು.